ಸಿಗ್ನಲ್ ಸಿಗದ ಊರು

ಮೈಸೂರಿನ ಕುವೆಂಪುನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸುಚಿತ್ರಾ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ರೋಗಿಗಳ ಹೆಸರು, ಬಿಲ್ಲು, ರಕ್ತಪರೀಕ್ಷೆ ಎಲ್ಲವೂ ಒಂದೇ ಸರ್ವರಿನ ಡಿಸ್ಕಿನಲ್ಲಿ. ಅದರಲ್ಲಿ ಜಾಗ ಕಡಿಮೆಯಾದಾಗಲೆಲ್ಲ ತನ್ನ ಮೊಬೈಲಿಗೆ ಮೆಸೇಜು ಬರುವಂತೆ ಅವಳೇ ಏರ್ಪಾಡು ಮಾಡಿಕೊಂಡಿದ್ದಳು, ಪುಣ್ಯಾತಗಿತ್ತಿ. ಬಂದರೆ ಓಡಿಹೋಗಿ ಹಳೆಯದನ್ನು ಸಿ.ಡಿ.ಗೆ ಇಳಿಸಿ, ಡಿಸ್ಕಿನಿಂದ ಅಳಿಸಬೇಕು. ತಡವಾದರೆ ಬಿಲ್ಲಿಂಗ್ ನಿಂತು, ಮನೆಗೆ ಹೊರಟ ರೋಗಿಗಳು ಕೌಂಟರಿನ ಮುಂದೆ ಕಾಯುತ್ತಾ ಕೂರಬೇಕು.

ದೊಡ್ಡ ಡಿಸ್ಕು ಬೇಕೆಂದು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಮಾಲೀಕರಾದ ಡಾಕ್ಟರ್ ಗೋವಿಂದರಾಜು ಕೆಟ್ಟವರೇನಲ್ಲ. "ನೀವಿದ್ದೀರಲ್ಲಮ್ಮ, ಹೇಗೋ ಜಾಗ ಮಾಡ್ತೀರಿ" ಎಂದು ಹೊಗಳಿ ಕಳಿಸುತ್ತಿದ್ದರು. ಹೊಗಳಿದವರ ಜೊತೆ ಜಗಳ ಆಡುವುದು ಹೇಗೆ? ಮೆಸೇಜು ಬಂತೆಂದು ಒಮ್ಮೆ ಸಿನಿಮಾದ ಅರ್ಧದಲ್ಲಿ ಎದ್ದಳು. ಇನ್ನೊಮ್ಮೆ ನಾದಿನಿಯ ಧಾರೆಯ ಹೊತ್ತಿಗೆ ಛತ್ರದಿಂದ ಆಟೋ ಹತ್ತಿದಳು. ಬೇರೆಯವರ ಮೊಬೈಲು ಸದ್ದು ಮಾಡಿದರೂ ಅವಳು ತನ್ನ ಬ್ಯಾಗಿಗೆ ಕೈ ಹಾಕುತ್ತಿದ್ದಳು.

ವರ್ಷಕ್ಕೊಂದು ದಿನ ಮಾತ್ರ ಬಿಡುಗಡೆ. ಗೌರಿಹಬ್ಬಕ್ಕೆ ಅಕ್ಕ ನೀಲಮ್ಮನ ಊರಿಗೆ ಹೋಗುತ್ತಿದ್ದಳು. ಇಲವಾಲ ದಾಟಿ ಬಸ್ಸು ಒಳದಾರಿ ಹಿಡಿದರೆ ಸಿಗ್ನಲ್ ಇಲ್ಲ. ಸಿಗದವಳನ್ನು ಕರೆಯುವುದು ಹೇಗೆಂದು ಡಾಕ್ಟರೂ ಆ ಒಂದು ದಿನ ಬಿಟ್ಟುಕೊಟ್ಟಿದ್ದರು. ಅಕ್ಕನ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರೆ ಸುಚಿತ್ರಾಗೆ ಜೀವ ಬಂದಂತಾಗುತ್ತಿತ್ತು. ಸಂಜೆಯ ಬಸ್ಸಿಗೆ ಹೊರಟಾಗ ಇನ್ನೊಂದು ದಿನ ಇರೆಂದು ನೀಲಮ್ಮ ಗೋಗರೆಯುತ್ತಿದ್ದಳು. ಇಲ್ಲಿ ಸಿಗ್ನಲ್ ಸಿಗುವುದಿಲ್ಲವಲ್ಲ, ಇರುವುದು ಹೇಗೆ ಎಂದು ಇವಳು ಪ್ರತಿವರ್ಷ ಸಮಾಧಾನ ಹೇಳುತ್ತಿದ್ದಳು.

೨೦೦೬ರ ಹಬ್ಬದ ದಿನ ನೀಲಮ್ಮ ಬಾಗಿಲಲ್ಲೇ ಕೈಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಅವರೆಕಾಳು ಬಿತ್ತುತ್ತಿದ್ದ ಹೊಲದ ಮೂಲೆಯಲ್ಲಿ ಕೆಂಪು ಬಿಳಿ ಬಣ್ಣದ ಮೊಬೈಲ್ ಟವರು ನಿಂತಿತ್ತು.

"ಕಂಪ್ನಿಯೋರು ಜಾಗ ಕೇಳ್ಕಂಡು ಬಂದಿದ್ರು. ನಿಮ್ ಭಾವ ಬ್ಯಾಡ ಅಂದ್ರು, ನಾನೇ ಹಟ ಮಾಡಿ ಕೊಡುಸ್ಬುಟ್ಟೆ ಕಣೆ, ನಿನಗೋಸ್ಕರ. ಇನ್ಮೇಲೆ ಸಂಜೆಗೇ ಓಡೋಗೋ ಹಂಗಿಲ್ಲ ನೀನು. ನಾಕ್ ದಿನ ಇದ್ದು ಹೋಗು."

ಸುಚಿತ್ರಾ ಬಾಯಿ ತೆರೆಯುವಷ್ಟರಲ್ಲಿ ಬ್ಯಾಗಿನೊಳಗೆ ಮೊಬೈಲು ಸದ್ದು ಮಾಡಿತು. ಮೊದಲು ಕೇಳಿಸಿಕೊಂಡವಳು ನೀಲಮ್ಮನೇ. ನೋಡಿದೆಯಾ, ಸಿಕ್ಕಿತು ಎಂದು ಅವಳ ಮುಖ ಊರಗಲ ಆಯಿತು. ಡಿಸ್ಕಿನಲ್ಲಿ ಜಾಗ ಕಡಿಮೆ ಎಂದಿತ್ತು ಮೆಸೇಜು. ಸುಚಿತ್ರಾಗೆ ಅಳು ಉಕ್ಕಿ ಬಂತು. ಅಕ್ಕನ ಸಂಭ್ರಮದ ಎದುರು ಅದನ್ನು ನುಂಗಿಕೊಂಡಳು.

"ಒಳ್ಳೇದ್ ಮಾಡ್ದೆ, ಅಕ್ಕ."

ಒಬ್ಬಟ್ಟು ಬಿಸಿಯಾಗಿದೆ, ಎಲೆ ಹಾಕುತ್ತೇನೆ ಎಂದು ನೀಲಮ್ಮ ಒಳಗೆ ಹೋದಳು. ಮೈಸೂರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಸುಚಿತ್ರಾ ಭಾವನನ್ನು ಮೆಲ್ಲಗೆ ಕೇಳಿದಳು.