ಬಾಯಲ್ಲಿ ಎಲೆಅಡಿಕೆ ಇದ್ದವರನ್ನು ಕೇಳಿದ ಪ್ರಶ್ನೆ

ನಮ್ಮ ಮನೆಯಲ್ಲಿ ಈ ಕೇಸಿನ ಕಥೆಯನ್ನು ಹೇಳುವ ರೀತಿಯೊಂದಿದೆ. ಅದರಲ್ಲಿ ನನ್ನ ಭಾವ ಗೆಲ್ಲುತ್ತಾರೆ, ಸಾಹುಕಾರರು ಸೋಲುತ್ತಾರೆ, ಕೊನೆಗೆ ಎಲ್ಲರೂ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾರೆ. ಹೇಳಿ ಹೇಳಿ ಅದು ಎಷ್ಟು ನುಣುಪಾಗಿದೆ ಎಂದರೆ ಎಲ್ಲಿ ಹಿಡಿದರೂ ಕೈ ಜಾರುತ್ತದೆ. ನಾನು ಬೇರೆ ಥರ ಹೇಳಿ ನೋಡುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ.

ಅರವತ್ತರ ದಶಕದ ಆರಂಭ. ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಅಕ್ಕನನ್ನು ಭದ್ರಾವತಿಗೆ ಕೊಟ್ಟಿತ್ತು. ಭಾವ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್, ವಾಸ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಪಾಳಿ ಮುಗಿಸಿ ಬಂದವರೆಲ್ಲ ಸೇರಿ ಕಟ್ಟಿಕೊಂಡ ನಾಟಕದ ತಂಡವೊಂದಿತ್ತು. ಮನೆಯಲ್ಲಿ ತಮಿಳು ಆಡುವವರು, ತೆಲುಗು ಆಡುವವರು, ಎಲ್ಲರೂ ರಂಗದ ಮೇಲೆ ಕನ್ನಡ ಹೇಳುತ್ತಿದ್ದರು. ಕೆಲವರ ಮಟ್ಟಿಗೆ ವರ್ಷದಲ್ಲಿ ಅದೊಂದು ಸಂಜೆಯೇ ಪೂರ್ತಿ ಕನ್ನಡದ್ದು. ಮುಖ್ಯ ಪಾತ್ರ ಯಾವಾಗಲೂ ಭಾವನದೇ.

ಸಾಹುಕಾರರೆಂದರೆ ಶಿವಮೊಗ್ಗದವರು. ಅಡಿಕೆ ಮಂಡಿ, ಅಕ್ಕಿ ಗಿರಣಿ ಇಟ್ಟುಕೊಂಡು, ಆಮೇಲೆ ಚುನಾವಣೆಗೆ ನಿಂತು ಶಾಸನಸಭೆಗೂ ಹೋದವರು. ಕೆಟ್ಟ ಮನುಷ್ಯ ಎಂದು ಆಗ ಯಾರೂ ಹೇಳುತ್ತಿರಲಿಲ್ಲ. ನಮ್ಮ ಹೈಸ್ಕೂಲಿನ ಎರಡು ಕೋಣೆಗಳಿಗೆ ಹೆಂಚು ಹೊದಿಸಿಕೊಟ್ಟವರು ಅವರೇ. ಅವರಿಗೊಂದು ರೂಢಿಯಿತ್ತು. ಸಭೆಯಲ್ಲಿ ಯಾರಾದರೂ ಎದ್ದು ನಿಂತು ಇರುಸುಮುರುಸಾಗುವಂಥದ್ದು ಕೇಳಿದರೆ, ಸಾವಧಾನವಾಗಿ ಬೆಳ್ಳಿಯ ಡಬ್ಬಿ ತೆಗೆದು, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟು, ರಸ ಚೆಲ್ಲದಂತೆ ಗಲ್ಲ ಮೇಲೆತ್ತಿ, ಒಂದು ಬೆರಳು ತೋರಿಸುತ್ತಿದ್ದರು: ತಡಿ. ನಮ್ಮ ಕಡೆ ಬಾಯಲ್ಲಿ ಕವಳ ಇರುವವರಿಂದ ಮಾತು ಹೊರಡಿಸಲು ಹೋಗುವುದು ಮರ್ಯಾದೆಯಲ್ಲ. ಅವರು ಎದ್ದು ಹೋಗಿ ಉಗುಳಿ ಬರುವವರೆಗೆ ಕಾಯಬೇಕು. ಸಾಹುಕಾರರು ಉಗುಳಿ ಬರುವ ಹೊತ್ತಿಗೆ ಸಭೆಯಲ್ಲಿ ಬೇರೆ ಮಾತು ನಡೆಯುತ್ತಿರುತ್ತಿತ್ತು.

ಅವರ ಇನ್ನೊಂದು ಶೋಕಿ ಕಾರು. ಡ್ರೈವರನ್ನು ಇಟ್ಟುಕೊಂಡಿದ್ದರೂ ಓಡಿಸುತ್ತಿದ್ದವರು ತಾವೇ. ಡ್ರೈವರು ತೊಡೆಯ ಮೇಲೆ ಟವೆಲ್ಲು ಹಾಕಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದ. ಇದನ್ನು ಊರಿನಲ್ಲಿ ನೋಡದವರಿರಲಿಲ್ಲ.

ಒಂದು ಮಧ್ಯಾಹ್ನ ಭದ್ರಾವತಿ ರಸ್ತೆಯಲ್ಲಿ ಆ ಕಾರು, ಮೊದಲನೇ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಹುಡುಗನಿಗೆ ಬಡಿಯಿತು. ಹುಡುಗ ಎಂದರೆ ಕಾರ್ಖಾನೆಯ ಕೆಲಸಗಾರ, ಇನ್ನೂ ಮದುವೆಯಾಗಿರಲಿಲ್ಲ, ಅಷ್ಟೇ. ಭಾವನ ಪಕ್ಕದ ಕ್ವಾರ್ಟರ್ಸಿನಲ್ಲಿ ತಾಯಿಯ ಜೊತೆ ಇದ್ದ. ನಾಟಕದಲ್ಲಿ ಪರದೆ ಎಳೆಯುವವನು ಅವನೇ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತೀರಿಕೊಂಡ. ಸಂಜೆ ಡ್ರೈವರು ಠಾಣೆಗೆ ಹೋಗಿ, ಓಡಿಸಿದ್ದು ನಾನು ಎಂದ. ಕೋರ್ಟಿನಲ್ಲೂ ಅದನ್ನೇ ಹೇಳಿ ತಪ್ಪೊಪ್ಪಿಕೊಂಡ, ಕೆಲವು ತಿಂಗಳು ಜೈಲಿಗೆ ಹೋದ. ತಪ್ಪೊಪ್ಪಿಕೊಂಡ ಮೇಲೆ ಸಾಕ್ಷಿಗಳನ್ನು ಕರೆಯುವ ಅಗತ್ಯ ಬೀಳಲಿಲ್ಲ. ರಸ್ತೆಬದಿಯ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರು ಕಂಡದ್ದು ಅವರವರಲ್ಲೇ ಉಳಿಯಿತು.

ಆ ವರ್ಷದ ನಾಟಕ ಬರೆದುಕೊಟ್ಟವನು ನಾನು. ನನಗೆ ಆಗ ಕಥೆ, ಹಾಡು, ರಾಜನ ಪೋಷಾಕು ಯಾವುದೂ ಬೇಡವಾಗಿತ್ತು. ರಂಗದ ಮೇಲೆ ಒಂದು ಕುರ್ಚಿ, ಒಬ್ಬ ಪೇದೆ, ಒಬ್ಬ ಧನಿಕ. ಪೇದೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಬೇಕು. ತಂಡದವರು ನಡುವೆ ಎರಡು ಹಾಡು ತುರುಕಿದರು. ನಾನು ಜಗಳವಾಡಿ ಸೋತೆ. ನಾಟಕಕ್ಕೆ ಪೊಲೀಸರ ಅನುಮತಿ ಬೇಕಿದ್ದ ಕಾಲ. ಪ್ರತಿಯನ್ನು ಮೊದಲೇ ಒಪ್ಪಿಸಿ ಪುಟಪುಟಕ್ಕೂ ಮೊಹರು ಹಾಕಿಸಿಕೊಳ್ಳಬೇಕಿತ್ತು. ಹಾಗಾಗಿ ಯಾವುದೋ ಕಾಲದ ಯಾವುದೋ ಊರು ಎಂದು ಬರೆದು, ಕಾರನ್ನು ಸಾರೋಟು ಮಾಡಿದ್ದೆ. "ಸಾರೋಟು ಓಡಿಸಿದ್ದು ಯಾರು?" ಎಂದು ಪೇದೆ ಕೇಳಿದಾಗಲೆಲ್ಲ ಧನಿಕ ನ್ಯಾಯ, ಧರ್ಮ, ಸಮಾಜ ಎಂದು ದೊಡ್ಡ ಭಾಷಣ ಬಿಗಿಯುತ್ತಿದ್ದ. ಅವು ಬೆಂಕಿಯಂಥ ಮಾತುಗಳು ಎಂದು ನಾನು ತಿಳಿದಿದ್ದೆ. ಇನ್‌ಸ್ಪೆಕ್ಟರು ಒಂದು ಸಾಲನ್ನೂ ಹೊಡೆಯದೆ ಮೊಹರು ಹಾಕಿ, ಭಾಷೆ ಚೆನ್ನಾಗಿದೆ ಎಂದರು.

ಆಟದ ದಿನ ಧನಿಕನ ಪಾತ್ರದಲ್ಲಿದ್ದ ಭಾವ ನನ್ನ ಒಂದು ಸಾಲನ್ನೂ ಹೇಳಲಿಲ್ಲ. ಪೇದೆ ಪ್ರಶ್ನೆ ಕೇಳಿದ. ಭಾವ ಜೇಬಿನಿಂದ ಡಬ್ಬಿ ತೆಗೆದು, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ ಬಾಯಿಗಿಟ್ಟುಕೊಂಡು ಗಲ್ಲ ಮೇಲೆತ್ತಿದರು. ಬೆರಳು ತೋರಿಸಿದರು. ಸಭೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು; ಆಮೇಲೆ ಹಿಂದಿನ ಸಾಲಿನಿಂದ ನಗು ಎದ್ದಿತು. ಪೇದೆ ಮತ್ತೆ ಕೇಳಿದ. ಮತ್ತೆ ಡಬ್ಬಿ. ನನ್ನ ನೆನಪಿನಲ್ಲಿ ಭಾವನ ಗಲ್ಲ ಪಕ್ಕದಿಂದ ಕಾಣುತ್ತದೆ, ಅಂದರೆ ನಾನು ರಂಗದ ಮಗ್ಗುಲಲ್ಲಿ ನಿಂತಿರಬೇಕು. ಆದರೆ ಜನರ ನಗು ನನ್ನ ಸುತ್ತಲೂ ಕೇಳಿಸುತ್ತದೆ, ಅಂದರೆ ಅವರ ನಡುವೆ ಕೂತಿರಬೇಕು. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ತೀರಿಹೋದ ಹುಡುಗನ ತಾಯಿ ಮುಂದಿನ ಸಾಲಿನಲ್ಲಿದ್ದರು, ಅವರು ನಗಲಿಲ್ಲ ಎಂದು ಅಕ್ಕ ಹೇಳುತ್ತಾಳೆ. ನಾನು ನೋಡಲಿಲ್ಲ.

ಸಾಹುಕಾರರು ಮಾನನಷ್ಟದ ಕೇಸು ಹಾಕಿದರು. ನನ್ನ ಮೇಲಲ್ಲ. ನನ್ನ ಮಾತುಗಳಿಗೆ ಸರ್ಕಾರದ ಮೊಹರು ಇತ್ತು. ಕೇಸು ಒಂದು ಮಾತನ್ನೂ ಆಡದ ಭಾವನ ಮೇಲೆ. ಕ್ರಿಮಿನಲ್ ಕೇಸು, ಶಿಕ್ಷೆಯಾದರೆ ಕಾರ್ಖಾನೆಯ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ಕ್ವಾರ್ಟರ್ಸೂ. ಅಕ್ಕನಿಗೆ ಆಗ ಇಬ್ಬರು ಮಕ್ಕಳು, ಮೂರನೆಯದು ಹೊಟ್ಟೆಯಲ್ಲಿ. ನಾನು ಸಮಾಧಾನ ಹೇಳಲು ಹೋದಾಗ ಅವಳು ಅಕ್ಕಿ ಆರಿಸುತ್ತಿದ್ದಳು.

"ನೀನು ಬರೆದಿದ್ದನ್ನ ಅವರು ಹೇಳಿದ್ರೆ ಈ ಗ್ರಹಚಾರ ಇರ್ತಿರ್ಲಿಲ್ಲ" ಎಂದಳು. "ನೀನು ಬರೆದಿದ್ದು ಯಾರಿಗೂ ನಾಟೋದಿಲ್ಲ ಮಾರಾಯ. ಅದೇ ಅದರ ಒಳ್ಳೇ ಗುಣ."

ನಮ್ಮ ಪರ ನಿಂತವರು ಶಿವಮೊಗ್ಗದ ಒಬ್ಬ ಹಳೆಯ ವಕೀಲರು. ಅವರು ನಮ್ಮನ್ನು ಕೂರಿಸಿಕೊಂಡು ಕಾನೂನು ತಿಳಿಸಿದರು. ಮಾನ ಕಳೆಯಲು ಮಾತೇ ಬೇಕಿಲ್ಲ, ಸನ್ನೆಯೂ ಸಾಕು. ಅದು ಸತ್ಯ ಎಂದು ತೋರಿಸಿದರೂ ಸಾಲದು, ಜನರ ಹಿತಕ್ಕಾಗಿ ಹೇಳಿದ್ದು ಎಂದೂ ತೋರಿಸಬೇಕು. ಹಾಗಾದರೆ ಸಂವಿಧಾನದಲ್ಲಿ ಬರೆದ ವಾಕ್‌ಸ್ವಾತಂತ್ರ್ಯ ಎಲ್ಲಿ ಹೋಯಿತು ಎಂದು ನಾನು ಜೋರು ಮಾಡಿದೆ. ಅದು ಅಲ್ಲೇ ಇದೆ, ಅದರ ಕೆಳಗೆ ಇದೂ ಇದೆ ಎಂದರು. ಆಮೇಲೆ, ನಮಗೆ ಅನುಕೂಲವಾದ ಸಂಗತಿ ಒಂದೇ ಒಂದು ಎಂದರು: ಮಾನ ಹೋಯಿತು ಎನ್ನುವವರು ತಾವೇ ಕಟಕಟೆ ಹತ್ತಿ ಪ್ರಮಾಣ ಮಾಡಿ ಹೇಳಬೇಕು. ಹತ್ತಿದವರನ್ನು ನಾವು ಪ್ರಶ್ನೆ ಕೇಳಬಹುದು.

ವಿಚಾರಣೆ ಭದ್ರಾವತಿಯಲ್ಲೇ ನಡೆಯಿತು. ಮೊದಲು ಬಂದ ಸಾಕ್ಷಿ ಸಾಹುಕಾರರ ಮಂಡಿಯ ರೈಟರು. ನಾಟಕದ ಧನಿಕ ನಮ್ಮ ಸಾಹುಕಾರರೇ ಎಂದು ಜನರಿಗೆ ಗೊತ್ತಾಯಿತು ಎಂಬುದನ್ನು ರುಜುಪಡಿಸದೆ ಕೇಸು ನಿಲ್ಲುವಂತಿರಲಿಲ್ಲ. ರೈಟರು ನಿಷ್ಠಾವಂತ, ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ರುಜುಪಡಿಸಿದರು. ಎಲೆಅಡಿಕೆ ಹಾಕಿ ಗಲ್ಲ ಎತ್ತುವವರು ಈ ಜಿಲ್ಲೆಯಲ್ಲಿ ಮನೆಗೊಬ್ಬರು ಇದ್ದಾರಲ್ಲವೇ ಎಂದು ನಮ್ಮ ವಕೀಲರು ಕೇಳಿದರು. ಇದ್ದಾರೆ ಎಂದರು. ಮತ್ತೆ ನಿಮಗೆ ಸಾಹುಕಾರರೇ ಎಂದು ಹೊಳೆದದ್ದು ಯಾವಾಗ?

"ಗಾಡಿ ಓಡಿಸಿದ್ದು ಯಾರು ಅಂತ ಪೇದೆ ಕೇಳಿದ್ನಲ್ಲ ಸ್ವಾಮಿ, ಆಗ."

"ಡಬ್ಬಿ ತೆಗೆಯೋಕೆ ಮುಂಚೆಯೋ, ಆಮೇಲೋ?"

"ಮುಂಚೆನೇ ಸ್ವಾಮಿ. ಕೇಳಿದ ತಕ್ಷಣ ಗೊತ್ತಾಯ್ತು."

ಕೋರ್ಟು ನಕ್ಕಿತೆಂದು ನಮ್ಮ ಮನೆಯ ಕಥೆಯಲ್ಲಿ ಬರುತ್ತದೆ. ನನಗೆ ನೆನಪಿರುವುದು, ಸಾಹುಕಾರರ ವಕೀಲರು ಕಾಗದಗಳನ್ನು ನೋಡತೊಡಗಿದ್ದು, ರೈಟರು ತಾನು ಚೆನ್ನಾಗಿ ಹೇಳಿದೆನೇ ಎಂದು ಧಣಿಯ ಕಡೆ ನೋಡಿದ್ದು.

ನಂತರದ ತಾರೀಖಿಗೆ ಸಾಹುಕಾರರೇ ಕಟಕಟೆ ಹತ್ತಿದರು. ಬಿಳಿ ಪಂಚೆ, ಬಿಳಿ ಕೋಟು. ತಮ್ಮ ಸಾರ್ವಜನಿಕ ಜೀವನ, ಆದ ಅವಮಾನ, ಎಲ್ಲವನ್ನೂ ಚೆನ್ನಾಗಿ ಹೇಳಿದರು. ನಮ್ಮ ವಕೀಲರು ಎದ್ದು ಸುತ್ತಿ ಬಳಸದೆ ಕೇಳಿದರು. "ಆ ಮಧ್ಯಾಹ್ನ ನಿಮ್ಮ ಕಾರನ್ನ ಓಡಿಸ್ತಿದ್ದವರು ಯಾರು?"

ಎದುರಿನ ವಕೀಲರು ಆಕ್ಷೇಪಿಸಿದರು. ಆ ಕೇಸು ಮುಗಿದಿದೆ, ಇಲ್ಲಿ ಅದು ಅಪ್ರಸ್ತುತ ಎಂದರು. ಮ್ಯಾಜಿಸ್ಟ್ರೇಟರು ಹೊಸದಾಗಿ ಬಂದ ಚಿಕ್ಕ ವಯಸ್ಸಿನವರು. ತುಸು ಹೊತ್ತು ಪುಸ್ತಕ ತಿರುವಿ, ಆರೋಪಿ ತಾನು ತೋರಿಸಿದ್ದು ಸತ್ಯ ಎಂದು ವಾದಿಸುವುದಾದರೆ ಪ್ರಶ್ನೆ ಪ್ರಸ್ತುತವೇ, ಉತ್ತರ ಹೇಳಬೇಕು ಎಂದರು.

ಸಾಹುಕಾರರ ಕೈ ಅಭ್ಯಾಸಬಲದಿಂದ ಜೇಬಿನ ಡಬ್ಬಿಗೆ ಹೋಯಿತು ಎಂದು ಭದ್ರಾವತಿಯಲ್ಲಿ ಈಗಲೂ ಹೇಳುತ್ತಾರೆ. ನಾಟಕವಾದರೆ ಹಾಗೇ ಆಗಬೇಕು. ನಾನು ನೋಡಿದಂತೆ ಅವರ ಎರಡೂ ಕೈ ಕಟಕಟೆಯ ಮೇಲೇ ಇದ್ದವು. ಬಾಯಲ್ಲಿ ಏನೂ ಇರಲಿಲ್ಲ. ಅವರು ಉತ್ತರ ಹೇಳಲಿಲ್ಲ ಅಷ್ಟೇ. ಆಮೇಲೆ ನೀರು ಬೇಕೆಂದರು, ಎದೆಯಲ್ಲಿ ಸಂಕಟವಾಗುತ್ತಿದೆ ಎಂದರು. ಅವರ ವಕೀಲರು ಬೇರೆ ದಿನ ಕೇಳಿದರು. ಮ್ಯಾಜಿಸ್ಟ್ರೇಟರು ಒಪ್ಪಿ, ಆದರೆ ಅಂದು ಮೊದಲು ಈ ಪ್ರಶ್ನೆಯಿಂದಲೇ ಶುರು ಎಂದು ಬರೆಸಿದರು.

ಆ ನಡುವಿನ ದಿನಗಳಲ್ಲಿ ಮಂಡಿಯ ರೈಟರು ಭಾವನ ಮನೆಗೆ ಬಂದರು. ಆ ಭಾನುವಾರ ನಾನೂ ಅಲ್ಲಿದ್ದೆ. ಯಾರನ್ನೂ ಉದ್ದೇಶಿಸಿ ಮಾಡಿದ್ದಲ್ಲ, ನೋವಾಗಿದ್ದರೆ ಕ್ಷಮಿಸಬೇಕು ಎಂದು ಎರಡು ಸಾಲಿಗೆ ಭಾವ ಸಹಿ ಹಾಕಿದರೆ ಸಾಹುಕಾರರು ಕೇಸು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಕಾರ್ಖಾನೆಗೆ ಸುದ್ದಿ ಹೋಗುವುದಿಲ್ಲ ಎಂದರು. ಒಳಗಿನಿಂದ ಅಕ್ಕ ಹೊರಗೆ ಬಂದು ನಿಂತಳು.

"ಹಾಕಿ ಮುಗಿಸ್ರೀ" ಎಂದಳು. "ಉದ್ದೇಶಿಸಿದ್ರೋ ಬಿಟ್ರೋ, ದೇವರಿಗೆ ಗೊತ್ತಿದೆ. ಮಕ್ಕಳನ್ನ ಕಟ್ಕೊಂಡು ನಾನೆಲ್ಲಿ ಹೋಗ್ಲಿ?"

ಭಾವ ಪಕ್ಕದ ಮನೆಯ ಕಡೆ ನೋಡಿದರು ಎಂದು ಬರೆಯಲು ನನಗೆ ಆಸೆ. ಅವರು ನೋಡಿದ್ದು ಹೊಸಿಲ ಹತ್ತಿರ ಬಿಟ್ಟಿದ್ದ ರೈಟರ ಚಪ್ಪಲಿಗಳನ್ನು.

"ಸಹಿ ಹಾಕ್ತೀನಿ" ಎಂದರು. "ಮೊದ್ಲು ಅವರು ಆ ಪ್ರಶ್ನೆಗೆ ಉತ್ತರ ಹೇಳ್ಲಿ. ಡ್ರೈವರೇ ಓಡಿಸ್ದ ಅಂತ ಬೇಕಾದ್ರೂ ಹೇಳ್ಲಿ. ಪ್ರಮಾಣ ಮಾಡಿದ ಬಾಯಲ್ಲಿ ಹೇಳ್ಲಿ, ಸಾಕು. ಅಲ್ಲೇ ನಿಂತು ಸಹಿ ಹಾಕ್ತೀನಿ."

"ಅದು ಯಾಕೆ ಬೇಕು ಮಾರಾಯ್ರೆ ನಿಮಗೆ?" ರೈಟರು ನಿಜವಾಗಿಯೂ ತಿಳಿಯದೆ ಕೇಳಿದರು. "ಅದ್ರಿಂದ ಹುಡುಗ ಎದ್ದು ಬರ್ತಾನಾ?"

"ಅವರು ಏನು ಹೇಳಿದ್ರು ಅಂತ ಅವನ ತಾಯಿ ದಿನಾ ನನ್ನ ಕೇಳ್ತಾಳೆ. ನನಗೆ ಹೇಳೋಕೆ ಏನಾದ್ರೂ ಬೇಕು."

ರೈಟರು ಹೋದ ಮೇಲೆ ಅಕ್ಕ ನನಗೆ ಊಟ ಬಡಿಸಿದಳು, ಭಾವನಿಗೂ ಬಡಿಸಿದಳು, ಪಾತ್ರೆಗಳನ್ನು ಮಾತ್ರ ಸಾಮಾನ್ಯಕ್ಕಿಂತ ಗಟ್ಟಿಯಾಗಿ ಇಟ್ಟಳು. ಮರುದಿನ ಸಾಮಾನು ಕಟ್ಟಲು ಗೋಣಿಚೀಲ ಕೇಳಿ ಅಂಗಡಿಗೆ ಹೋಗಿದ್ದಳಂತೆ. ಇದನ್ನು ಈಗ ಅವಳು ಒಪ್ಪುವುದಿಲ್ಲ.

ತಾರೀಖು ಬಂತು. ಕೋರ್ಟಿನಲ್ಲಿ ಜಾಗವಿರಲಿಲ್ಲ, ರಜೆ ಹಾಕಿ ಬಂದವರು, ರಾತ್ರಿ ಪಾಳಿಯಿಂದ ನೇರವಾಗಿ ಬಂದವರು. ಹೆಸರು ಕೂಗಿದರು. ಸಾಹುಕಾರರು ಬಂದಿರಲಿಲ್ಲ. ಅವರ ವಕೀಲರೂ ಇರಲಿಲ್ಲ. ಮ್ಯಾಜಿಸ್ಟ್ರೇಟರು ಬೇರೆ ಕೇಸುಗಳನ್ನು ಮುಗಿಸಿ, ಊಟದ ನಂತರ ಮತ್ತೆ ಕೂಗಿಸಿದರು. ಬರಲಿಲ್ಲ. ಫಿರ್ಯಾದಿ ಗೈರುಹಾಜರಿ, ಇನ್ನೂ ಆರೋಪ ಹೊರಿಸಿಲ್ಲ, ಆದ್ದರಿಂದ ಆರೋಪಿಯನ್ನು ಬಿಟ್ಟಿದೆ ಎಂದು ಹೇಳಿ ಬರೆದರು. ಮುಗಿಯಿತು. ಜನ ಭಾವನನ್ನು ಎತ್ತಿಕೊಳ್ಳುವಂತೆ ಹೊರಗೆ ಕರೆತಂದರು. ಅಲ್ಲಿಂದ ಕಾಫಿ.

ಹೋಟೆಲಿನಲ್ಲಿ ಭಾವ ವಕೀಲರನ್ನು ಕೇಳಿದರು, ಅವರನ್ನು ಕರೆಸಿ ಆ ಪ್ರಶ್ನೆಗೆ ಉತ್ತರ ಹೇಳಿಸಲು ಈಗ ನಾವು ಕೇಸು ಹಾಕಬಹುದೇ ಎಂದು. ವಕೀಲರು ಲೋಟ ಕೆಳಗಿಟ್ಟರು. "ಎಲ್ಲಿಂದ ಹಾಕ್ತೀಯ? ಡ್ರೈವರ್ ಒಪ್ಕೊಂಡ, ಜೈಲಿಗೂ ಹೋಗಿ ಬಂದ. ಈ ಕೋರ್ಟಿಗೆ ಅವರಾಗಿ ಬಂದಿದ್ರು, ಅವರಾಗಿ ಹೋದ್ರು. ಬಾಗಿಲು ಅವರದ್ದಪ್ಪ. ನಿನ್ನ ಕೆಲಸ ಉಳೀತಲ್ಲ, ಮನೆಗೆ ಹೋಗು."

ಮನೆಯವರೆಗೆ ನಾನೂ ಜೊತೆಗೆ ನಡೆದೆ. ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಅಕ್ಕ ಬಾಗಿಲಲ್ಲೇ ಇದ್ದಳು, ಅತ್ತು ಮುಗಿಸಿದ ಮುಖ. ಪಕ್ಕದ ಮನೆಯ ತಾಯಿಯೂ ಅಲ್ಲೇ ನಿಂತಿದ್ದರು. ಮನೆಮಾತು ತಮಿಳು; ಅವರ ಕನ್ನಡ ಮಗನಿಂದ ಕಲಿತದ್ದು, ಅರೆಬರೆ.

"ಏನು ಹೇಳ್ದ್ರು ತಂಬಿ?"

"ಬರ್ಲಿಲ್ಲಮ್ಮ ಅವರು."

"ಓ." ಆಕೆ ಸೆರಗಿನಿಂದ ಕೈ ಒರೆಸಿಕೊಂಡರು. "ಮತ್ತೆ ಯಾವ ದಿನ ಬರ್ತಾರೆ?"

ತಾರೀಖು ಮುಂದೆ ಹೋಗಿದೆ ಎಂದು ಅವರು ತಿಳಿದಿದ್ದರು. ಅದುವರೆಗೆ ಪ್ರತಿ ಸಲವೂ ಹಾಗೇ ಆಗಿತ್ತು. ಭಾವ ಬಾಯಿ ತೆರೆದರು, ಅಕ್ಕನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅವರು ಆಗ ಏನು ಹೇಳಿದರೆಂದು ನನಗೆ ನೆನಪಿಲ್ಲ. ಅಕ್ಕನನ್ನು ಕೇಳಿದರೆ, ಆ ದಿನ ಆ ತಾಯಿ ಅಲ್ಲಿ ಇರಲೇ ಇಲ್ಲ ಎನ್ನುತ್ತಾಳೆ.