ಕೋವಿ ನಿಲ್ಲದ ಕಪಾಟು

ಕಾಲು ಕಳೆದುಕೊಂಡದ್ದು ಕೋವಿಯ ಯಜಮಾನರಲ್ಲ, ಅವರ ಮನೆಯ ಕಸ ಗುಡಿಸುತ್ತಿದ್ದ ಹೆಂಗಸು.

ಹೊಸಮನೆ ಎಂಬ ಹಳ್ಳಿಯಲ್ಲಿ ನಮ್ಮ ನೆರೆಯವರಾಗಿದ್ದ ಆ ಜಮೀನ್ದಾರರು ಏನನ್ನು ಕೊಳ್ಳುವಾಗಲೂ ಉಂಗುರದ ಬೆರಳಿನಿಂದ ತಟ್ಟಿ, ಸದ್ದಿಗೆ ಕಿವಿಗೊಡುತ್ತಿದ್ದರು. ತೊಂಬತ್ತರ ದಶಕದಲ್ಲೊಮ್ಮೆ, ಕೋವಿ ಇಡಲು ಉಕ್ಕಿನ ಕಪಾಟು ಮಾಡಿಸಬೇಕೆಂದು ನನ್ನನ್ನೂ ಭದ್ರಾವತಿಗೆ ಕರೆದೊಯ್ದರು.

"ಒಳಗೆ ಮೂರು ಹಲಗೆ ಹಾಕಪ್ಪ," ಎಂದರು.

"ಹಲಗೆ ಹಾಕಿದ್ರೆ ಕೋವಿ ನಿಲ್ಲಲ್ಲ ಸಾರ್," ಎಂದ ಅಂಗಡಿಯವನು.

"ಕೋವಿ ಯಾರು ಕದೀತಾರೆ ಮಾರಾಯ? ಬೆಳ್ಳಿ ಕದೀತಾರೆ!"

ನಾನು ಆಕ್ಷೇಪಿಸಿದಾಗಲೂ ಅದೇ ಮಾತು. ಪೂಜೆಯ ಬೆಳ್ಳಿ ಕಪಾಟು ಸೇರಿತು. ಹಂದಿ ಬೆದರಿಸಲೆಂದು ಸದಾ ತುಂಬಿಯೇ ಇರುತ್ತಿದ್ದ ಕೋವಿ ಬಾಗಿಲ ಹಿಂದೆ ಒರಗಿತು. ಪರವಾನಗಿ ನವೀಕರಣದ ತನಿಖೆಗೆ ಬಂದ ಅಧಿಕಾರಿ ಮುಚ್ಚಿದ ಕಪಾಟನ್ನು ನೋಡಿ, ಕಾಫಿ ಕುಡಿದು, ಸಹಿ ಹಾಕಿದರು. ಒಂದು ಬೆಳಿಗ್ಗೆ ಪೊರಕೆ ತಗುಲಿ ಕೋವಿ ಉರುಳಿತು; ಗುಂಡು ಹಾರಿತು.

ಆಸ್ಪತ್ರೆಯಲ್ಲಿ ಜಮೀನ್ದಾರರು ಆಕೆಯ ಮಂಚವನ್ನೂ ಬೆರಳಿನಿಂದ ತಟ್ಟುತ್ತ, "ನೋಡ್ಕೊಂಡು ಗುಡಿಸ್ಬಾರ್ದಾ ಮಾರಾಯ್ತಿ?" ಎಂದರು.

"ಬೇರೆಯೋರ್ನ ಕೆಲ್ಸಕ್ಕೆ ಇಟ್ಕೋಬೇಡಿ ಅಯ್ಯಾ, ನಾನೇ ಬರ್ತೀನಿ," ಎಂದು ಆಕೆ ಕೈಮುಗಿದಳು. ಅಷ್ಟರಲ್ಲಾಗಲೇ ಬೇರೊಬ್ಬಳನ್ನು ಗೊತ್ತುಮಾಡಲಾಗಿತ್ತು.

ಪರವಾನಗಿ ಕೊಡುವ ಅಧಿಕಾರಿಗಳೇ, ಸಹಿಗೆ ಮುನ್ನ ಪ್ರತಿ ಮನೆಯ ಕಪಾಟನ್ನು ತೆರೆಸಿ, ಗುಂಡು ತೆಗೆದ ಕೋವಿಯನ್ನು ನಿಮ್ಮ ಕಣ್ಣೆದುರೇ ಅದರೊಳಗಿಟ್ಟು ಬೀಗ ಹಾಕಿಸಿ. ಅದಕ್ಕೆ ಒಪ್ಪದವರ ಪರವಾನಗಿಯನ್ನು ಆ ಕ್ಷಣವೇ ರದ್ದುಮಾಡಿ.