ಅಜ್ಜಯ್ಯನಿಗೆ ಮಾತ್ರ ಹೇಳಿದ ಮದ್ದಿನ ಹೆಸರು

ಕಳೆದ ವರ್ಷ ಶ್ರಾವಣದಲ್ಲಿ ನಮ್ಮ ಯಜಮಾನರ ಕಣ್ಣು ಹಳದಿಯಾಯಿತು. ಉಕ್ಕಡಗಾತ್ರಿ ಅಜ್ಜಯ್ಯನ ಭಕ್ತರೇ, ಅದನ್ನು ಮೊದಲು ಕಂಡವಳು ನಾನು. ಮಂಡಿಪೇಟೆಯ ಬೆಲ್ಲದ ಅಂಗಡಿಗೆ ಹೊರಟವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ನನ್ನ ಕಡೆ ತಿರುಗಿದರು. ಅಂಗಡಿ ಬಿಡಿಸಿ ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ದೆ.

ಲಿವರಿನಲ್ಲಿ ಕೊಬ್ಬು ಸೇರಿದೆ ಎಂದು ಯುಗಾದಿ ಹೊತ್ತಿಗೇ ಸ್ಕ್ಯಾನಿಂಗಿನಲ್ಲಿ ಗೊತ್ತಾಗಿತ್ತು. ಕುಡಿಯದ ಮನುಷ್ಯನಿಗೆ ಇದೆಂಥ ಕಾಯಿಲೆ ಎಂದು ನಾನು ಅಜ್ಜಯ್ಯನ ಮೇಲೆ ಮುನಿಸಿಕೊಂಡಿದ್ದೆ. ಡಾಕ್ಟರು ಹೇಳಿದಂತೆ ಇವರು ದಿನಾ ನಡೆದರು, ಬೆಣ್ಣೆದೋಸೆಗೂ ದೂರದಿಂದಲೇ ಕೈಮುಗಿದರು. ಆದರೂ ಸುಸ್ತು, ಹೊಟ್ಟೆ ತೊಳಸು. ರಕ್ತ ಪರೀಕ್ಷೆ ಮಾಡಿಸಿದಾಗೆಲ್ಲ ಹಿಂದಿನದಕ್ಕಿಂತ ಕೆಟ್ಟ ಸುದ್ದಿ. ಈಗ ಕಣ್ಣೂ ಹಳದಿ.

"ಹಿಂಗೇ ಏರಿದ್ರೆ ಲಿವರ್ ಕೈಕೊಡ್ತದೆ. ಬೇರೆ ಏನಾದ್ರೂ ತಗೊಳ್ತಿದೀರೇನ್ರೀ? ನಾಟಿ ಔಷಧಿ, ಕಷಾಯ?" ಎಂದು ಡಾಕ್ಟರು ಕೇಳಿದರು.

ಯಜಮಾನರು ಪಕ್ಕದಲ್ಲಿದ್ದ ನಮ್ಮ ಅತ್ತೆಯ ಮುಖ ನೋಡಿ, "ಏನೂ ಇಲ್ರಿ" ಎಂದರು. ಆ ನೋಟ ನನಗೆ ಸರಿಬರಲಿಲ್ಲ. ಕೆಲವು ತಿಂಗಳಿಂದ ಮನೆಯ ಹಿತ್ತಲಲ್ಲಿ ಒಂದು ಕಹಿ ವಾಸನೆ ಸುಳಿಯುತ್ತಿತ್ತು. ಕೇಳಿದರೆ "ಬಚ್ಚಲ ಒಲೀದು" ಎಂದು ಅತ್ತೆ ಮಾತು ಮುಗಿಸುತ್ತಿದ್ದರು.

ಅಮಾವಾಸ್ಯೆಯಂದು ಅತ್ತೆಯೂ ನಾನೂ ಹರಿಹರದಲ್ಲಿ ಬಸ್ಸು ಬದಲಿಸಿ ಉಕ್ಕಡಗಾತ್ರಿಗೆ ಹೋದೆವು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ದಂಡೆಯಲ್ಲಿ ದೆವ್ವ ಬಿಡಿಸಲು ಕರೆತಂದ ಯಾರೋ ಹೆಂಗಸು ಕೂದಲು ಬಿಚ್ಚಿ ಚೀರುತ್ತಿದ್ದಳು. ಹೆದರಿಕೆಗೆ ನನ್ನ ಬಾಯಿಗೆ ಪ್ರಾರ್ಥನೆಯೇ ಬರಲಿಲ್ಲ. "ಅಜ್ಜಯ್ಯಾ, ದಾರಿ ತೋರಿಸು" ಎಂದಷ್ಟೇ ಅಂದೆ.

ಅತ್ತೆ ಅಜ್ಜಯ್ಯನ ಗದ್ದುಗೆಯ ಮುಂದೆ ಹಣೆ ಹಚ್ಚಿ ಅಳುತ್ತಿದ್ದರು. "ನಿನಗೇನು ಮುಚ್ಚಿಡ್ಲಿ ಅಜ್ಜಯ್ಯಾ? ದಿನಾ ನಸುಕಿನಾಗೆ ಅಮೃತಬಳ್ಳಿ ಜಜ್ಜಿ ಕುದಿಸಿ ಕೊಡ್ತೀನಿ. ಕಡಿಮಿ ಆಗ್ಲಿಲ್ಲ ಅಂತ ಎರಡು ಹೊತ್ತು ಮಾಡೀನಿ. ಅದಕ್ಕೆ ಬಲ ಕೊಡಪ್ಪಾ."

ಹಿತ್ತಲ ಕಹಿ ವಾಸನೆ ಇದರದ್ದೇ, ಡಾಕ್ಟರು ಕೇಳಿದ್ದೂ ಇದನ್ನೇ. ಹೊರಗೆ ಬಂದವಳೇ, "ಡಾಕ್ಟ್ರಿಗೆ ಹೇಳೋಣ ಬರ್ರಿ ಅತ್ತೀ" ಎಂದೆ.

"ಹೆಸರು ಹೇಳಿದ್ರೆ ಮದ್ದು ಸಾಯ್ತೈತೆ ಕಣವ್ವಾ! ಹೇಳಬ್ಯಾಡ ಅಂತ ಅವನ ಹತ್ರನೂ ಆಣೆ ಹಾಕಿಸ್ಕೊಂಡೀನಿ" ಎಂದರು. ಮದ್ದಿನ ಹೆಸರು ಮನುಷ್ಯರ ಕಿವಿಗೆ ಬೀಳಬಾರದು, ದೇವರಿಗೆ ಹೇಳಬಹುದು ಎಂಬುದು ಅವರ ತವರಿನ ನಂಬಿಕೆ.

"ಹೇಳದಿದ್ರೆ ನಿಮ್ಮ ಮಗ..." ಎಂದೆ. ಬಸ್ಸಿನಲ್ಲಿ ಅತ್ತೆ ಉದ್ದಕ್ಕೂ ಅಜ್ಜಯ್ಯನ ಹೆಸರು ಜಪಿಸಿದರು.

ಮರುದಿನ ಅವರೇ ಬಳ್ಳಿಯ ತುಂಡನ್ನು ಡಾಕ್ಟರ ಮೇಜಿನ ಮೇಲಿಟ್ಟರು. "ಗಿಡಮೂಲಿಕೆ ಸಾರದ ಮೇಲೆ ಸಂಶೋಧನೆ ನಡೀತಿದೆ, ಮುಂದೆ ಈ ಕಾಯಿಲೆಗೆ ಅದರಿಂದ ಔಷಧಿ ಸಿಕ್ಕರೂ ಸಿಗಬಹುದು. ಆದರೆ ಈ ಬಳ್ಳಿ ಕುಡಿದೇ ಕೆಲವರ ಲಿವರ್ ಕೆಟ್ಟಿದೆಯಮ್ಮಾ. ಇವತ್ತೇ ನಿಲ್ಲಿಸ್ರಿ" ಎಂದು ಡಾಕ್ಟರು ಹೇಳಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತರು.

ಯಜಮಾನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ದೀಪಾವಳಿ ಹೊತ್ತಿಗೆ ಕಣ್ಣು ಬೆಳ್ಳಗಾಯಿತು. ಲಿವರಿನ ಕೊಬ್ಬು ಇನ್ನೂ ಇದೆ, ಪಥ್ಯವೂ ನಡಿಗೆಯೂ ನಡೆದಿವೆ. ನಾನು ದಾರಿ ಕೇಳಿದ್ದೆ. ಕೇಳಿದ ಗಳಿಗೆಯಲ್ಲೇ ಅಜ್ಜಯ್ಯ ಅದನ್ನು ನನ್ನ ಕಿವಿಗೆ ಹಾಕಿದ. ಅವನ ಪಾದಕ್ಕೆ ಕೋಟಿ ಶರಣು.

ಮೊನ್ನೆ ನಮ್ಮ ಓಣಿಯ ಹೆಂಗಸೊಬ್ಬಳು ಬಂದು ಅತ್ತೆಯ ಕಿವಿಯಲ್ಲಿ, "ನಮ್ಮನೆಯೋರಿಗೂ ಲಿವರಿನಾಗೆ ಕೊಬ್ಬಂತೆ. ನಿಮ್ಮ ತವರಿನ ಮದ್ದು ಕೊಡ್ರಿ ಅವ್ವಾ, ಹೆಸರು ಕೇಳಲ್ಲ" ಎಂದು ಪಿಸುಗುಟ್ಟಿದಳು.

ಅತ್ತೆ ಹೊಸ್ತಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದರು: "ಅಮೃತಬಳ್ಳಿ ಕಣವ್ವಾ, ಅಮೃತಬಳ್ಳಿ! ಹೇಳಿಬಿಟ್ಟೆ ನೋಡು. ಮದ್ದು ಸಾಯ್ಲಿ, ನಿನ್ನ ಗಂಡ ಉಳೀಲಿ."